ಬೀಗದಣ್ಣನ ಕೈ

ಜೂನ್ 3, ಸೋಮವಾರ

ಇವತ್ತೂ ಅಕ್ಕನೇ ಗೆದ್ದಳು. ತಿಂಡಿಯ ಹೊತ್ತಿಗೆ ಪತ್ರಿಕೆಯ ಕೊನೆಯ ಪುಟ ಬಿಡಿಸಿ, ನಾನು ಬರೆಯುವ 'ಬೀಗದಣ್ಣ' ಕಾಮಿಕ್ಸ್ ಮೇಲೆ ಭೂತಗನ್ನಡಿ ಹಿಡಿದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಅವಳದು. ಭೂತಗನ್ನಡಿ ಮನೆಗೂ ಬರುತ್ತದೆ.

"ಮೊದಲನೇ ಚೌಕದಲ್ಲಿ ಚೀಲ ಎಡಗೈಲಿದೆ. ಮೂರನೇದ್ರಲ್ಲಿ ಬಲಗೈಲಿ. ಯಾವಾಗ ಬದಲಾಯಿಸ್ದ?"

"ಮಧ್ಯದಲ್ಲಿ ಎಲ್ಲೋ ಬದಲಾಯಿಸಿರ್ತಾನೆ, ಬಿಡಕ್ಕ."

"ಅವನು ಬದಲಾಯಿಸಲ್ಲ. ಚೀಲ ಹಿಡಿಯೋ ಕೈ ಎಡಗೈ."

ಹೌದು. ಐದು ವರ್ಷದಿಂದ ಎಡಗೈ. ಬರೆದವಳು ನಾನು, ನೆನಪಿಟ್ಟವಳು ಅವಳು.

ಉಳಿದಂತೆ ಇವತ್ತಿನದು ಪರವಾಗಿಲ್ಲ. ಗಿರಾಕಿ ಬಂದು "ಏನಣ್ಣಾ ಸಮಾಚಾರ?" ಅನ್ನುತ್ತಾನೆ. ಬೀಗದಣ್ಣ ಕೀಲಿಕೈ ಉಜ್ಜುತ್ತಿದ್ದ ಅರ ಕೆಳಗಿಟ್ಟು "ಯಾವ ವಿಷಯದ್ದು?" ಅನ್ನುತ್ತಾನೆ. ಮೂರನೇ ಚೌಕದಲ್ಲಿ ಗಿರಾಕಿ ಯೋಚಿಸುತ್ತಾ ಹೋಗುತ್ತಿದ್ದಾನೆ — ಮಾಡಿಸಿದ ಕೀಲಿಕೈ ಅಲ್ಲೇ ಬಿಟ್ಟು. ಹಿಂದೆ ಬೀಗದಣ್ಣ, ಕೀಲಿಕೈ ಹಿಡಿದುಕೊಂಡು. ಚೀಲ ಬಲಗೈಲಿ. ಥತ್.

ಜೂನ್ 5, ಬುಧವಾರ

ಆಫೀಸಿಗೆ ಫೋನು. ಓದುಗರೊಬ್ಬರು, ಹೆಂಗಸು. ಬೈಗುಳಕ್ಕೆ ಸಿದ್ಧಳಾಗಿ ಕೂತೆ.

"ನಿಮ್ಮ ಬೀಗದಣ್ಣನಿಗೆ ಆಟಿಸಂ ಅಲ್ವಾ ಮೇಡಂ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನಮ್ಮ ಮಗಳಿಗೆ ಇದೆ. ಮೊನ್ನೆ ಅವನು ಅಂಗಿ ಒಳಗಿನ ಲೇಬಲ್ ಪಟ್ಟಿ ಕತ್ತರಿಸಿ ಹಾಕ್ಕೊಂಡ್ನಲ್ಲ, ಅವಳು ಪೇಪರ್ ಹಿಡ್ಕೊಂಡು ಓಡಿ ಬಂದ್ಲು. 'ಅಮ್ಮಾ, ಇವನಿಗೂ ಚುಚ್ಚುತ್ತೆ' ಅಂದ್ಲು. ಆಮೇಲೆ ಪೇಪರ್ ಕೊಡ್ಲೇ ಇಲ್ಲ."

"ನಾನು ಹಾಗಂತ ಅಂದ್ಕೊಂಡು ಬರೀಲಿಲ್ಲ ಅಮ್ಮ. ಅವನು ಇರೋದೇ ಹಾಗೆ ಅಂತ…"

"ಅಷ್ಟು ಸಾಕು. ಅವನನ್ನ ಸರಿ ಮಾಡೋಕೆ ಮಾತ್ರ ಹೋಗ್ಬೇಡಿ."

ಫೋನಿಟ್ಟ ಮೇಲೆ ತುಂಬ ಹೊತ್ತು ಕೆಲಸ ಸಾಗಲಿಲ್ಲ. 'ಅವನು ಇರೋದೇ ಹಾಗೆ' ಅಂದೆ. ಅವನು ಅಂದರೆ ಯಾರು ಅಂತ ನನಗೆ ಗೊತ್ತಿಲ್ಲವೇ.

ಜೂನ್ 6, ಗುರುವಾರ

ಅಕ್ಕನಿಗೆ ಫೋನಿನ ವಿಷಯ ಹೇಳಿದೆ. ಬ್ರೆಡ್ಡಿನ ಅಂಚು ಕತ್ತರಿಸುತ್ತಾ ಕೇಳಿಸಿಕೊಂಡಳು.

"ಅವನು ಬರೀ ಚಿತ್ರ. ಡಾಕ್ಟರ್ ಹತ್ರ ಹೇಗೆ ಹೋಗ್ತಾನೆ?"

"ಅದೂ ನಿಜವೇ."

"ನಾನು ಹೋಗಬಹುದು," ಅಂದಳು. "ಪಟ್ಟಿ ತೆಗೆಯೋದು ನಾನು. ಮಿಕ್ಸಿ ಹಾಕಿದ್ರೆ ಬಾಲ್ಕನಿಗೆ ಹೋಗೋದು ನಾನು. ಮೀಸೆ ಮಾತ್ರ ನಂದಲ್ಲ."

ಟೀ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಐದು ವರ್ಷ ಗುಟ್ಟು ಕಾಪಾಡಿದ್ದೇನೆ ಅಂತ ನಾನೇ ಬೀಗುತ್ತಿದ್ದೆ!

"ಬೇಜಾರಾಯ್ತಾ ಅಕ್ಕ?"

"ಮೀಸೆ ಚೆನ್ನಾಗಿದೆ."

ಬ್ರೆಡ್ಡಿನ ಅಂಚುಗಳನ್ನು ತಟ್ಟೆಯ ಬದಿಗೆ ಸರಿಸಿ, "ಆ ಹುಡುಗಿಗೆ ಹೇಳು. ಪಟ್ಟಿ ಕತ್ತರಿಸಬಾರದು, ಹೊಲಿಗೆ ಬಿಚ್ಚಬೇಕು. ಕತ್ತರಿಸಿದ್ರೆ ಉಳಿದ ತುಂಡು ಇನ್ನೂ ಜಾಸ್ತಿ ಚುಚ್ಚುತ್ತೆ. ನೀನು ತಪ್ಪು ಬರೆದಿದ್ದೆ."

ಆಫೀಸಿನಿಂದ ಆ ತಾಯಿಗೆ ಫೋನು ಮಾಡಿ ಅದನ್ನೇ ಒಪ್ಪಿಸಿದೆ. "ಅಯ್ಯೋ, ಯಾರಿಗೂ ಹೊಳೆದೇ ಇರ್ಲಿಲ್ಲ ನೋಡಿ," ಅಂದರು.

ಜೂನ್ 10, ಸೋಮವಾರ

ಹೊಸ ಸಂಪಾದಕರು ಕರೆಸಿದರು. ಬಂದು ತಿಂಗಳೂ ಆಗಿಲ್ಲ, ಮೇಜಿನ ಮೇಲೆ ಆಗಲೇ ಕಾಗದದ ಗುಡ್ಡ. ಕೂತುಕೊಳ್ಳಲು ಒಂದು ಗುಡ್ಡ ಸರಿಸಿಕೊಟ್ಟರು.

"ನಿಮ್ಮ ಬೀಗದಣ್ಣನಿಗೆ ಈ ಭಾನುವಾರ ಐದು ವರ್ಷ ತುಂಬುತ್ತಂತಲ್ಲಮ್ಮ. ಅರ್ಧ ಪುಟ ಕೊಡ್ತೀನಿ, ಬಣ್ಣದಲ್ಲಿ."

ಹಿಗ್ಗಿದೆ. ಬೇಗ ಹಿಗ್ಗಿಬಿಟ್ಟೆ.

"ಪರವೂರಿಗೆ ಹೋಗಿದ್ದ ತಂಗಿ ವಾಪಸ್ ಬರ್ತಾಳೆ. ಇವನು ಓಡಿ ಹೋಗಿ ತಬ್ಕೊಂಡು ಅಳ್ತಾನೆ. ಓದೋರ ಎದೆ ಝಲ್ ಅನ್ನಬೇಕು."

"ಅವನು ಯಾರನ್ನೂ ತಬ್ಕೊಳ್ಳಲ್ಲ ಸಾರ್."

"ಅದಕ್ಕೇ ಅಲ್ವೇನ್ರೀ ತಬ್ಕೋಬೇಕಾಗಿರೋದು! ಐದು ವರ್ಷದಿಂದ ಕಂಬದ ಥರ ನಿಂತಿದಾನೆ. ಒಂದ್ಸಲನಾದ್ರೂ ಮನುಷ್ಯ ಆಗ್ಲಿ."

ಗುಡ್ಡದಿಂದ ಜಾರಿದ ಹಾಳೆಯೊಂದನ್ನು ಎತ್ತಿ ಮೇಲಿಟ್ಟೆ.

"ಆಗಲ್ಲ ಅಂದ್ರೆ ಬಲವಂತ ಇಲ್ಲ. ಆ ಜಾಗಕ್ಕೆ ಸುಡೊಕು ರೆಡಿ ಇದೆ. ಭಾನುವಾರದಿಂದ್ಲೇ ಹಾಕಿದ್ರಾಯ್ತು."

ಮೆಟ್ಟಿಲಿಳಿಯುವಾಗ ಸಿಟ್ಟು ಏರಿತು. ಮನುಷ್ಯ ಆಗ್ಲಿ ಅಂತೆ. ಅವರು ಕಂಬ ಅಂದ ಆ ಮನುಷ್ಯ, ನನ್ನ ಅಕ್ಕ, ತಿಂಡಿಯ ಹೊತ್ತಿಗೆ ಪುಟ ತೆಗೆದು ನನ್ನ ತಪ್ಪು ಹುಡುಕದಿದ್ದರೆ ನಮ್ಮ ಮನೆಯಲ್ಲಿ ಬೆಳಗೇ ಆಗುವುದಿಲ್ಲ. ಅದನ್ನು ಅವರಿಗೆ ಹೇಳುವುದು ಹೇಗೆ?

ಜೂನ್ 12, ಬುಧವಾರ

ಬರೆದೆ. ತಬ್ಬಿಕೊಂಡದ್ದನ್ನೇ ಬರೆದೆ. ನುರಿತ ಕೈ ನೋಡು, ಏನು ಹೇಳಿದರೂ ಬರೆಯುತ್ತದೆ. ತಂಗಿಯ ಹೆಗಲ ಮೇಲೆ ಬೀಗದಣ್ಣನ ಮುಖ, ಕಣ್ಣಲ್ಲಿ ದಪ್ಪ ಹನಿ. ಚೆನ್ನಾಗಿಯೇ ಬಂದಿತ್ತು… ಅದೇ ಕಷ್ಟ.

ಅಕ್ಕನ ಮುಂದಿಟ್ಟೆ. ತುಂಬ ಹೊತ್ತು ನೋಡಿದಳು.

"ಚೀಲ ಎಲ್ಲಿ?"

"ಕೆಳಗೆ ಹಾಕಿದಾನೆ. ಖುಷಿಗೆ."

"ಹಾಕಲ್ಲ." ಭೂತಗನ್ನಡಿ ಸರಿಸಿದಳು. "ಇವು ಅವನ ಕೈಯಲ್ಲ. ಬೇರೆ ಯಾರದೋ ಕೈ ತಂದು ಅಂಟಿಸಿದ ಹಾಗಿದೆ."

ಸಿಡುಕಿದೆ. "ಹಂಗಾದ್ರೆ ತಂಗಿ ಬಂದ್ರೆ ಅವನಿಗೆ ಖುಷಿನೇ ಆಗಲ್ವಾ?"

"ತುಂಬ ಆಗುತ್ತೆ."

"ಅದು ಕಾಣಬೇಕಲ್ಲ ಅಕ್ಕ!"

ಎದ್ದಳು. ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಪಕ್ಕ ನಿಂತಳು.

"ಫ್ರಿಜ್ಜು ತಂಗಿ ಅಂದ್ಕೋ."

ನಗು ತಡೆದುಕೊಂಡು ಅಂದುಕೊಂಡೆ.

"ಎದುರಿಗೆ ನಿಲ್ಲಲ್ಲ. ಪಕ್ಕದಲ್ಲಿ. ಅವಳು ನೋಡೋ ಕಡೆಗೇ ನೋಡ್ತಾನೆ. ಮೊಣಕೈಗೆ ಮೊಣಕೈ ತಾಗಿರುತ್ತೆ. ತೆಗೆಯಲ್ಲ."

"ಎಷ್ಟು ಹೊತ್ತು?"

"ಅವಳು ಅಲುಗಾಡೋವರೆಗೆ."

ಫ್ರಿಜ್ಜು ಗುರ್ ಅಂತು. ಅಕ್ಕ ಕಿಟಕಿ ನೋಡುತ್ತಾ ನಿಂತೇ ಇದ್ದಳು. ನನ್ನ ನಗು ಎಲ್ಲಿಗೋ ಹೋಯಿತು.

ಅಮ್ಮ ಹೋದ ದಿನ, ಆಸ್ಪತ್ರೆಯ ಹಜಾರ. ನಾನು ಬೆಂಚಿನ ಮೇಲೆ ಕೂತಿದ್ದೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಎದುರಿನ ಗೋಡೆ ನೋಡುತ್ತಾ, ಮೊಣಕೈ ತಾಗಿಸಿ. ಅವಳಿಗೆ ಜಾಗ ಸಾಲಲಿಲ್ಲವೇನೋ ಅಂದುಕೊಂಡು ನಾನು ಸರಿದು ಕೂತೆ. ಅವಳು ಎದ್ದು ಹೋದಳು.

ಬೆಂಚು ಉದ್ದವಾಗಿತ್ತು. ನಾವಿಬ್ಬರನ್ನು ಬಿಟ್ಟು ಅದರ ಮೇಲೆ ಯಾರೂ ಇರಲಿಲ್ಲ.

ಜೂನ್ 14, ಶುಕ್ರವಾರ

ಹೊಸದಾಗಿ ಬರೆದದ್ದನ್ನು ಕೊಟ್ಟೆ. ಅಂಗಡಿಯ ಮುಂದೆ ಅಣ್ಣ, ತಂಗಿ. ಇಬ್ಬರೂ ರಸ್ತೆ ನೋಡುತ್ತಿದ್ದಾರೆ. ಮಾತಿಲ್ಲ.

"ತಬ್ಬಿರೋದೆಲ್ಲಿ?"

"ಅದೇ ಸಾರ್."

"ಯಾವುದು?"

"ಮೊಣಕೈ."

ಸಂಪಾದಕರು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಬಸ್ಸಿಗೆ ಕಾಯ್ತಾ ಇರೋ ಹಾಗಿದಾರಲ್ರೀ."

ಫೋನು ಮಾಡಿದ ತಾಯಿಯ ಮಾತು ಹೇಳಿದೆ. ಬೆಂಚಿನದನ್ನೂ ಹೇಳಿಬಿಟ್ಟೆ, ಹೇಳುವ ಉದ್ದೇಶ ಇರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ನೀವು ಹೇಳಿದ್ಮೇಲೆ ನನಗೆ ಗೊತ್ತಾಯ್ತು. ಓದೋರ ಮನೆಮನೆಗೂ ಹೋಗಿ ಹೇಳ್ತೀರಾ? ಸಂಜೆಯೊಳಗೆ ಇನ್ನೊಂದು ಬರ್ಕೊಡಿ."

"ಇನ್ನೊಂದು ಬರೆದಾಗಿದೆ ಸಾರ್, ಮನೇಲಿದೆ. ತರಲ್ಲ."

"ಹಂಗಾದ್ರೆ ಸುಡೊಕು."

"ಸರಿ ಸಾರ್."

ಸರಿ ಸಾರ್ ಅಂದದ್ದು ನಾನೇ? ಎದ್ದು ಹೊರಗೆ ಬಂದೆ. ಹಾಳೆ ಮಾತ್ರ ಅವರ ಮೇಜಿನ ಮೇಲೇ ಉಳಿಯಿತು.

ಜೂನ್ 15, ಶನಿವಾರ

ನಾಳೆ ಬೀಗದಣ್ಣ ಇಲ್ಲದೆ ಹೋಗಬಹುದು ಅಂತ ಅಕ್ಕನಿಗೆ ಹೇಳಿದೆ.

"ಬಹುದಾ? ಇಲ್ವಾ?"

"ಗೊತ್ತಿಲ್ಲ ಅಕ್ಕ."

ಗೊತ್ತಿಲ್ಲ ಅನ್ನುವುದು ಅವಳಿಗೆ ಆಗಿಬರುವುದಿಲ್ಲ. ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿದಳು. ಕೈ ಒರೆಸುವ ಬಟ್ಟೆಯನ್ನೂ. ಮಿಕ್ಸಿಯ ಮುಸುಕನ್ನೂ. ನಾನು ಮಡಿಸಿಟ್ಟೆ. ತಪ್ಪು ಮಡಿಸಿದೆ ಅಂತ ಎಲ್ಲ ಬಿಚ್ಚಿ ಮತ್ತೆ ಮಡಿಸಿದಳು.

ಜೂನ್ 16, ಭಾನುವಾರ. ಬೆಳಿಗ್ಗೆ

ಪೇಪರ್ ಬಿದ್ದ ಸದ್ದು ಕೇಳಿತು. ನಾನು ಅಡುಗೆಮನೆಯಲ್ಲೇ ಉಳಿದೆ, ಕುದಿದ ಟೀಯನ್ನು ಮತ್ತೆ ಕುದಿಸುತ್ತಾ. ಆಚೆ ಪುಟ ಮಗುಚುವ ಸದ್ದು. ಆಮೇಲೆ ಏನೂ ಇಲ್ಲ. ಏನೂ ಇಲ್ಲ… ಭೂತಗನ್ನಡಿ ಮೇಜಿಗೆ ತಾಗಿದ ಸದ್ದು.

"ಚೀಲ ಎಡಗೈಲಿದೆ," ಅಂದಳು.

ಓಡಿದೆ. ಅರ್ಧ ಪುಟ, ಬಣ್ಣದಲ್ಲಿ. ಅಣ್ಣ, ತಂಗಿ, ರಸ್ತೆ. ತಂಗಿಯ ಚಪ್ಪಲಿಯ ಕೆಂಪು ಬಣ್ಣ ಗೆರೆ ದಾಟಿ ಹೊರಗೆ ಬಂದಿದೆ, ಪ್ರೆಸ್ಸಿನವರ ಕೈಚಳಕ. ಸುಡೊಕು ಕೆಳಗಿನ ಮೂಲೆಯಲ್ಲಿ ಮುದುರಿಕೊಂಡು ಕೂತಿದೆ.

ಸಂಪಾದಕರ ಫೋನು: "ನನಗೆ ಈಗ್ಲೂ ಬಸ್ಸಿಗೆ ಕಾಯೋ ಹಾಗೇ ಕಾಣುತ್ತಮ್ಮ. ನಮ್ಮನೆಯವಳು ಮಾತ್ರ ಅದನ್ನೇ ನೋಡ್ತಾ ಕೂತಿದಾಳೆ. ನನಗಿನ್ನೂ ಕಾಫಿ ಬಂದಿಲ್ಲ."

ಅದೇ ದಿನ, ಮಧ್ಯಾಹ್ನ

ಇದನ್ನು ಬರೆಯಲು ಸೋಫಾದ ಮೇಲೆ ಕೂತೆ. ಅಕ್ಕ ಬಂದಳು. ಅವಳ ಕುರ್ಚಿ ಖಾಲಿಯೇ ಇದೆ. ಸೋಫಾದ ಆ ತುದಿಯೂ ಖಾಲಿ. ನನ್ನ ಪಕ್ಕದಲ್ಲೇ ಕೂತಳು, ಬಲಗಡೆ. ಕಿಟಕಿ ನೋಡುತ್ತಿದ್ದಾಳೆ. ಮೊಣಕೈ ತಾಗಿದೆ.

ಅದು ನನ್ನ ಬರೆಯುವ ಕೈ. ಅಕ್ಷರ ಸೊಟ್ಟಗಾಗುತ್ತಿದೆ. ಪೆನ್ನು ಓಡಿದರೆ ಮೊಣಕೈಯೂ ಅಲುಗಾಡುತ್ತದೆ, ಅದಕ್ಕೇ