ಕ್ಯಾಂಟೀನ್ ಟೀಯ ಕೊನೆಯ ರೆಕಾರ್ಡು

ವಾಕ್ಲಿ, ಶೆಫೀಲ್ಡ್
ಭಾನುವಾರ, ೧೭ ಫೆಬ್ರವರಿ ೨೦೧೯

ಪ್ರೀತಿಯ ಗ್ಲೆಂಡಾ,

ಹೇಗಿದ್ದೀಯಾ? ನಿನ್ನ ಗಂಡನ ಸೊಂಟ ನೋವು ಹೇಗಿದೆ? ಈ ಚಳಿಯಲ್ಲೂ ಮ್ಯಾಗ್ನಸ್ ದೋಣಿ ಹತ್ತುತ್ತಿದ್ದರೆ ನನ್ನ ಹೆಸರು ಹೇಳಿ ಅವನ ತಲೆಗೊಂದು ಮೊಟಕು. ನಿಮ್ಮ ಆರ್ಕ್ನಿ ದ್ವೀಪದಲ್ಲಿ ಗಾಳಿ ಕುರಿಗಳನ್ನೂ ನಿಲ್ಲಗೊಡುತ್ತಿಲ್ಲವೆಂದು ವಾರ್ತೆಯಲ್ಲಿ ತೋರಿಸಿದರು. ಮನೆಯ ಮಾಡು ಗಟ್ಟಿಯಾಗಿದೆ ತಾನೇ? ಹದಿನೈದು ವರ್ಷದಿಂದ ಕ್ರಿಸ್‌ಮಸ್ ಕಾರ್ಡಿನಲ್ಲಿ ಎರಡು ಸಾಲು ಗೀಚಿ ಕೈತೊಳೆದುಕೊಳ್ಳುತ್ತಿದ್ದ ತಮ್ಮ ಇದ್ದಕ್ಕಿದ್ದಂತೆ ಪುಟಗಟ್ಟಲೆ ಬರೆದರೆ ಯಾವ ಅಕ್ಕನಿಗಾದರೂ ಎದೆ ಧಸಕ್ಕೆನ್ನುತ್ತದೆ. ಗಾಬರಿ ಬೇಡ, ಯಾರೂ ಸತ್ತಿಲ್ಲ. ಲೊರೇನ್ ಚೆನ್ನಾಗಿದ್ದಾಳೆ, ಮಕ್ಕಳು ಚೆನ್ನಾಗಿದ್ದಾರೆ. ನಾನು ದಣಿದಿದ್ದೇನೆ, ಅಷ್ಟೇ. ಅಮ್ಮ ಉಕ್ಕಿನ ಕಾರ್ಖಾನೆಯ ಕ್ಯಾಂಟೀನಿನಿಂದ ಬಂದವಳು ಬೂಟು ಬಿಚ್ಚಲೂ ಆಗದೆ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳಲ್ಲ, ಆ ಜಾತಿಯ ದಣಿವು ಇದು. ನಿದ್ದೆ ಮಾಡಿದರೆ ಹೋಗುವುದಿಲ್ಲ.

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ. ರೆಕಾರ್ಡು ಮುಗಿದಿದೆ. ನಮ್ಮ ಕ್ಯಾಂಟೀನ್ ಟೀ ತಂಡ ಹನ್ನೊಂದು ವರ್ಷದ ಮೇಲೆ ಹೊಸದೊಂದನ್ನು ತರುತ್ತಿದೆ. ಕಂಪನಿಯವರು ಮಾರ್ಚ್ ಮೊದಲ ವಾರ ಅದನ್ನು ಅಚ್ಚಿಗೆ ಹಾಕುತ್ತಾರೆ, ಬೇಸಿಗೆಯಲ್ಲಿ ಮತ್ತೆ ಊರೂರು ಸುತ್ತಾಟ. ಎಲ್ಲವನ್ನೂ ಈಗ ನಾವಿರುವ ಅಮ್ಮನ ಮನೆಯ ನೆಲಮಾಳಿಗೆಯಲ್ಲೇ ಮಾಡಿದೆ. ಹೌದು, ಅದೇ ನೆಲಮಾಳಿಗೆ, ಅದೇ ಪಾಚಿ ವಾಸನೆ. ಲೊರೇನ್ ತಂದಿಟ್ಟಿರುವ ತೇವ ಹೀರುವ ಯಂತ್ರ ನನಗಿಂತ ಜಾಸ್ತಿ ಗೊಣಗುತ್ತದೆ.

ಅಲ್ಲಿ ಕೂತಾಗ ಎಂಬತ್ತೆಂಟರ ಬೇಸಿಗೆ ನೆನಪಾಗದೆ ಇರುವುದಿಲ್ಲ. ನಾನು ಕೆಲಸ ಕಳೆದುಕೊಂಡವನು, ನೀನು ಬ್ಯಾಂಕಿನಲ್ಲಿ ಮರ್ಯಾದೆಯ ಕೆಲಸದವಳು. ನಿನ್ನ ಸಂಬಳದಲ್ಲೇ ಬಂದ ಎರಡು ಹಳೆಯ ಸಂಗೀತ ಯಂತ್ರಗಳನ್ನು ರಾತ್ರಿಯಿಡೀ ಕುಟ್ಟುತ್ತಿದ್ದೆವು. ಅಮ್ಮ ಮೇಲಿನಿಂದ ಪೊರಕೆಯ ಹಿಡಿಯಲ್ಲಿ ನೆಲ ಗುದ್ದಿ, "ನನ್ನ ಕ್ಯಾಂಟೀನಿನ ಟೀ ಥರಾನೇ ಇದೆ ಕಣ್ರೋ ನಿಮ್ಮ ಸಂಗೀತ, ಕಡು ಕಪ್ಪು, ಕುಡಿದೋರು ಮಲಗಲ್ಲ!" ಎಂದು ಕೂಗಿದಳು. ನಮಗೆ ಹೆಸರು ಸಿಕ್ಕಿತು. ಒಂದು ಹಾಡು ಮುಗಿದರೆ ಕ್ಯಾಸೆಟ್ಟಿಗೆ ಹಾಕಿ, ಅಪ್ಪನ ಲಡಕಾಸಿ ಎಸ್ಕಾರ್ಟ್ ಕಾರನ್ನು ಏರಿನ ಮೇಲೆ ನಿಲ್ಲಿಸಿ, ಕಿಟಕಿ ಏರಿಸಿಕೊಂಡು ಕೇಳುವುದು. ಕಾರಿನಲ್ಲಿ ನಿಲ್ಲದ ಹಾಡು ಎಲ್ಲೂ ನಿಲ್ಲುವುದಿಲ್ಲ ಎಂಬುದು ನಿನ್ನ ಕಾನೂನು. ನೀನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನಾನು ನಿನ್ನ ಮುಖವನ್ನೇ ನೋಡುತ್ತಾ ಚಿಪ್ಸ್ ತುಂಬಿದ ಬನ್ನು ತಿನ್ನುತ್ತಿದ್ದೆ. "ಸಕ್ಕರೆ ಜಾಸ್ತಿ ಆಯ್ತು ರಾಯ್, ಇಳಿಸು" ಎನ್ನುತ್ತಿದ್ದೆ ನೀನು. ಮೇಲಿನ ಚಿಣಿಚಿಣಿ ಸದ್ದಿಗೆಲ್ಲ ನಮ್ಮಲ್ಲಿ ಸಕ್ಕರೆ ಎಂದೇ ಹೆಸರು. ನೀನು 'ಹ್ಞೂಂ' ಎನ್ನುವವರೆಗೆ ಯಾವ ಹಾಡೂ ಮನೆ ಬಿಟ್ಟು ಹೊರಡಲಿಲ್ಲ. ಗೋದಾಮುಗಳಲ್ಲಿ ಬೆಳಗಾಗುವವರೆಗೆ ಜನ ಕುಣಿದದ್ದು ನನ್ನ ಕೈಚಳಕಕ್ಕೆ ಎಂದು ಪತ್ರಿಕೆಯವರು ಬರೆದರು. ಅದು ನಿನ್ನ ಕಿವಿ ಎಂದು ನಮ್ಮಿಬ್ಬರಿಗೆ ಗೊತ್ತಿತ್ತು.

ಟೀವಿಗೆ ಹೋದದ್ದು ನೆನಪಿದೆಯಾ? ತಂತಿಯೇ ಇಲ್ಲದ ಕೀಬೋರ್ಡು ಮುಂದಿಟ್ಟು, ನುಡಿಸುವ ಹಾಗೆ ಮಾಡಿ ಸಾಕು ಎಂದರು. ನಾನು ಮರ್ಯಾದೆಯಾಗಿ ಬೆರಳಾಡಿಸಿದೆ. ನೀನು, "ಸದ್ದು ಬರದ ಪೆಟ್ಟಿಗೆಯನ್ನ ನಾನ್ಯಾಕೆ ಕುಟ್ಟಲಿ?" ಎಂದವಳೇ ಅಮ್ಮನ ಕ್ಯಾಂಟೀನಿನ ಮಗ್ಗು ಹಿಡಿದು ಹಾಡು ಮುಗಿಯುವವರೆಗೆ ಟೀ ಕುಡಿಯುತ್ತಾ ನಿಂತೆ. ಮಾರನೆಯ ದಿನ ದೇಶವೆಲ್ಲ ಅದನ್ನೇ ಆಡಿಕೊಂಡಿತು. ಅದೊಂದು ದೊಡ್ಡ ಕಲೆ ಎಂದರು. ನಿನಗೆ ಬಾಯಾರಿತ್ತು, ಅಷ್ಟೇ.

ನೀನು ತಂಡ ಬಿಟ್ಟು ಹೋದದ್ದೂ ಇಂಥ ನುಡಿಸುವ ನಾಟಕ ಬೇಡವೆಂದೇ, ಅದು ನನಗೆ ಗೊತ್ತು. ಹಾಡುಗಳೆಲ್ಲ ಒಂದು ಲ್ಯಾಪ್‌ಟಾಪಿನೊಳಗೆ ಸೇರಿ, ವೇದಿಕೆ ಹತ್ತಿ ಒಂದು ಗುಂಡಿ ಒತ್ತಿ, ಉಳಿದ ಹೊತ್ತು ಕೈಯೆತ್ತಿ ಜನರನ್ನು ಕುಣಿಸುವುದೇ ಕೆಲಸವಾದ ಮೇಲೆ, "ಇದು ಟೀವಿ ಆಯ್ತಲ್ಲೋ" ಎಂದೆ ನೀನು. ಜಗಳವಾಡಲಿಲ್ಲ, ಪೆಟ್ಟಿಗೆ ಕಟ್ಟಿದೆ. ಆಮೇಲೆ ನಿನ್ನ ಜಾಗಕ್ಕೆ ವಿನ್ಸ್ ಬಂದ. ಒಳ್ಳೆಯವನು, ನಾನೇನು ಹೇಳಿದರೂ ಸರಿ ಎನ್ನುತ್ತಾನೆ. ಜಾಹೀರಾತಿನಲ್ಲಿ ನಮ್ಮ ಹೆಸರಿನ ಅಕ್ಷರ ವರ್ಷ ವರ್ಷ ಸಣ್ಣದಾಯಿತು. ಹೋದ ನವೆಂಬರಿನಲ್ಲಿ ಸಮುದ್ರ ತೀರದ ರಜಾ ಶಿಬಿರವೊಂದರಲ್ಲಿ ಹಳೆಯ ಹಾಡುಗಳ ವಾರಾಂತ್ಯವಿತ್ತು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಜನ ಕುಣಿದರು, ಹತ್ತೂವರೆಗೆ ಕೋಣೆಗೆ ಹೋಗಿ ಮಲಗಿದರು. ಹೊಸದು ನುಡಿಸಿದರೆ ಬಿಯರ್ ತರಲು ಹೋಗುತ್ತಾರೆ, ಹಳೆಯದು ಶುರುವಾದರೆ ಓಡಿ ಬರುತ್ತಾರೆ. ಟೀವಿಗೆ ಹೋದ ಆ ಒಂದು ಹಾಡು ನನಗೆ ಈಗ ಸಾಕುಸಾಕಾಗಿದೆ ಗ್ಲೆಂಡಾ. ಆದರೂ ಕೈ ಎತ್ತುತ್ತೇನೆ.

ಇನ್ನು ಈ ರೆಕಾರ್ಡಿನ ಕಥೆ. ಕ್ರಿಸ್‌ಮಸ್ಸಿಗೆ ಮುಂಚೆ ಲೊರೇನ್ ಟೀ ಹಿಡಿದು ನೆಲಮಾಳಿಗೆಗೆ ಇಳಿದಳು. ಅರ್ಧ ಮೆಟ್ಟಿಲಲ್ಲೇ ನಿಂತು ಮುಖ ಹುಳ್ಳಗೆ ಮಾಡಿ, "ಅಯ್ಯೋ ನಿಲ್ಸೋ, ಕಿವಿಗೆ ಸೂಜಿ ಚುಚ್ಚಿದ ಹಾಗಾಗ್ತಿದೆ, ಹಲ್ಲು ಜುಮ್ ಅಂತಿದೆ" ಎಂದಳು. ನಿನಗೆ ಸಂಗೀತ ಏನು ಗೊತ್ತು ಎಂದು ರೇಗಿದೆ. ಟೀ ಅಲ್ಲೇ ಇಟ್ಟು ಹೋದಳು. ನನಗೋ, ಆ ಹಾಡು ಸಪ್ಪೆಯೆನಿಸಿ ಇನ್ನಷ್ಟು ಸಕ್ಕರೆ ಸುರಿಯುತ್ತಿದ್ದೆ. ಆಮೇಲೆ ಅವಳೇ ಹಟ ಹಿಡಿದು ಕಿವಿ ಪರೀಕ್ಷೆಗೆ ಎಳೆದುಕೊಂಡು ಹೋದಳು.

ಸಣ್ಣ ಕೋಣೆ, ತಲೆಗೆ ಹೆಡ್‌ಫೋನು, ಕೈಗೊಂದು ಗುಂಡಿ. ಸದ್ದು ಕೇಳಿದಾಗ ಒತ್ತಿ ಎಂದಳು ಪರೀಕ್ಷೆ ಮಾಡುವಾಕೆ. ನನ್ನ ಕಸುಬೇ ಅದಲ್ಲವೇ, ಗುಂಡಿ ಒತ್ತುವುದು! ಮೊದಲು ದಪ್ಪ ಸದ್ದುಗಳು ಬಂದವು, ಒತ್ತಿದೆ. ಆಕೆ ಒಂದೇ ಲಯದಲ್ಲಿ ಸದ್ದು ಕೊಡುತ್ತಾ ಹೋದಂತೆ ಆ ಲಯ ನನ್ನ ಬೆರಳಿಗೆ ಹತ್ತಿಬಿಟ್ಟಿತು. ಸಲೀಸಾಗಿ ಒತ್ತುತ್ತಲೇ ಹೋದೆ. ಎಲ್ಲ ಕೇಳುತ್ತಿದೆ, ಲೊರೇನಳಿಗೆ ಮಂಗಳಾರತಿ ಇದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಆಕೆ ಕಿಟಕಿಯಾಚೆಯಿಂದ ಕೈಬೀಸಿ, ಹೆಡ್‌ಫೋನು ತೆಗೆಸಿ, "ಮಿಸ್ಟರ್ ಸ್ಟಾನಿಫೋರ್ತ್, ನೀವು ತುಂಬಾ ಚೆನ್ನಾಗಿ ಒತ್ತುತ್ತಾ ಇದ್ದೀರಿ. ಆದರೆ ನಾನು ಆಗಲೇ ನಿಲ್ಲಿಸಿದ್ದೇನೆ" ಎಂದಳು. ಮೂವತ್ತು ವರ್ಷದ ಅಭ್ಯಾಸ ನೋಡು, ಸದ್ದು ನಿಂತರೂ ತಾಳ ನಿಲ್ಲಲಿಲ್ಲ. ಎರಡನೆಯ ಸಲ ಆಕೆ ಬೇಕೆಂದೇ ತಾಳ ತಪ್ಪಿಸಿ ಕೊಟ್ಟಳು. ಆಗ ಗೊತ್ತಾಯಿತು. ಕೆಳಗಿನ ಸದ್ದುಗಳು ಹಾಗೇ ಇವೆ. ಮೇಲಿನವು ಹೋಗಿವೆ, ಎರಡೂ ಕಿವಿಯಲ್ಲಿ. ವಾಪಸು ಬರುವುದಿಲ್ಲ. ಕಾರಿನಲ್ಲಿ ಕೂತು ಅತ್ತೆ. ಲೊರೇನ್ ಏನಾದರೂ ಹೇಳಿದ್ದರೂ ನನಗೆ ಕೇಳಿಸಲಿಲ್ಲ.

ನೀನು ಮೊದಲ ದಿನದಿಂದ ಕಿವಿಗೆ ಹತ್ತಿ ತುರುಕಿಕೊಂಡೇ ವೇದಿಕೆ ಹತ್ತುತ್ತಿದ್ದೆ. ಬರ್ಲಿನ್ನಿನಲ್ಲಿ ಎಲ್ಲರ ಎದುರು ನಿನ್ನನ್ನು ಮುದುಕಿ ಎಂದು ಕರೆದಿದ್ದೆ. ನೀನು ಹತ್ತಿಯನ್ನು ತೆಗೆಯದೆಯೇ, "ಏನೋ? ಕೇಳಿಸ್ತಿಲ್ಲ!" ಎಂದು ನಗಿಸಿದ್ದೆ. ಈಗ ನಿನಗೆ ಬಾವಲಿ ಕೂಗೂ ಕೇಳುತ್ತದೆ ಎಂದು ಮ್ಯಾಗ್ನಸ್ ಬರೆದಿದ್ದ. ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಇದನ್ನೆಲ್ಲ ಯಾರಿಗೂ ಹೇಳಿಲ್ಲ, ಲೊರೇನ್ ಬಿಟ್ಟು. ಒಂಬತ್ತು ಹಾಡಿಗೂ ನನ್ನ ಅಂದಾಜಿನ ಮೇಲೆ ಸಕ್ಕರೆ ಇಳಿಸಿ ಮತ್ತೆ ಮಾಡಿದ್ದೇನೆ, ನೆನಪಿನಿಂದ. ಪರದೆಯ ಮೇಲೆ ಗೆರೆಗಳು ಕುಣಿಯುವುದನ್ನು ನೋಡಿಕೊಂಡು ಕೆಲಸ ಸಾಗುತ್ತದೆ. ವಿನ್ಸ್‌ಗೆ ಕೇಳಿಸಿದೆ, "ಸೂಪರ್ ಗುರೂ, ಹಳೇ ಕ್ಯಾಂಟೀನ್ ಟೀನೇ!" ಎಂದ. ಸಕ್ಕರೆ ಇಳಿಸುವುದಕ್ಕೆ ಮುಂಚೆ ಕೇಳಿಸಿದಾಗಲೂ ಅದೇ ಮಾತು ಹೇಳಿದ್ದ. ಕಂಪನಿಯವರಿಗೂ ಖುಷಿಯೋ ಖುಷಿ. ಎಲ್ಲರೂ ಹೊಗಳಿದಷ್ಟೂ ನನ್ನ ಅನುಮಾನ ಹೆಚ್ಚುತ್ತದೆ. ಚೆನ್ನಾಗಿರಲೂಬಹುದು. ನನಗೆ ಮಾತ್ರ ಗೊತ್ತಾಗುವ ದಾರಿಯಿಲ್ಲ.

ಸಾಕು, ಕೊರೆದೆ. ಕೈ ನೋಯುತ್ತಿದೆ, ಲೊರೇನ್ ಊಟಕ್ಕೆ ಕೈಸನ್ನೆ ಮಾಡುತ್ತಿದ್ದಾಳೆ, ಕುರಿಮಾಂಸ ಹುರಿದಿದ್ದಾಳೆ. ಮ್ಯಾಗ್ನಸ್‌ಗೆ ನನ್ನ ನೆನಪು ಹೇಳು, ನಿನ್ನ ಕೋಳಿಗಳಿಗೂ. ಶೀತ ಮಾಡಿಕೊಳ್ಳಬೇಡ. ದೇವರೆಂದರೆ ನೀನು ನಗುತ್ತೀಯ, ಆದರೂ ಅಮ್ಮ ಹಾರೈಸುತ್ತಿದ್ದ ಹಾಗೆ ನಿನ್ನನ್ನು ಯಾರಾದರೂ ಕಾಯುತ್ತಿರಲಿ.

ನಿನ್ನ ತಮ್ಮ,
ರಾಯ್‌ಸ್ಟನ್

ಮತ್ತೆ: ಲಕೋಟೆ ಅಂಟಿಸಿದ್ದನ್ನು ಹರಿದು ಬರೆಯುತ್ತಿದ್ದೇನೆ. ಅಚ್ಚಿಗೆ ಹೋಗುವ ಮುಂಚೆ ಬಾ ಗ್ಲೆಂಡಾ. ಕೂತು ಒಂಬತ್ತೂ ಕೇಳು. ನೀನು ಸರಿಮಾಡಿಕೊಡಲಿ ಎಂದು ಕರೆಯುತ್ತಿಲ್ಲ. ಚೆನ್ನಾಗಿಲ್ಲದಿದ್ದರೆ 'ಸಾಕು ನಿಲ್ಸು ರಾಯ್' ಎಂದು ನನ್ನ ಮುಖ ನೋಡಿ ಹೇಳಲಿ ಎಂದು ಕರೆಯುತ್ತಿದ್ದೇನೆ. ಬೇರೆ ಯಾರು ಹೇಳಿದರೂ ಜಗಳ ಮಾಡಿ ಇನ್ನೂ ಹತ್ತು ವರ್ಷ ಕೈ ಎತ್ತುತ್ತಾ ನಿಲ್ಲುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತು. ನೀನು ಹೇಳಿದರೆ ಅವತ್ತೇ ನಿಲ್ಲಿಸುತ್ತೇನೆ. ಫೋನ್ ಮಾಡಬೇಡ, ಫೋನಿನಲ್ಲಿ ನಿನ್ನ ಅರ್ಧ ಮಾತು ಈಗ ನನಗೆ ಸಿಗುವುದಿಲ್ಲ. ಬಂದಾಗ ಲೊರೇನ್ ಕೆಲಸಕ್ಕೆ ಹೋಗಿದ್ದರೆ, ಬಾಗಿಲ ಗಂಟೆ ಒತ್ತುತ್ತಾ ನಿಲ್ಲಬೇಡ, ಅದು ನನಗೆ ಕೇಳುವುದಿಲ್ಲ. ಮುಷ್ಟಿ ಕಟ್ಟಿ ಬಾಗಿಲು ಗುದ್ದು. ಅದು ಇನ್ನೂ ಕೇಳುತ್ತದೆ.