ತಟ್ಟೆಯ ಕೆಳಗಿನ ಸದ್ದು

ಜನವರಿ 12, 2009. ಬೆಳಿಗ್ಗೆ

ರೆಕಾರ್ಡ್ ಹಾಕಿದೆ. ಅಪ್ಪ ಬಾಯಿ ತೆರೆದರು. ಅರ್ಧ ಬಟ್ಟಲು ಗಂಜಿ.

ಪಾರ್ಶ್ವವಾಯು ಬಡಿದ ಮೇಲೆ ಮಾತಿಲ್ಲ. ಬಲಗೈಗೆ ಸ್ವಾಧೀನವಿಲ್ಲ. ಊಟ ಮಾಡುವುದು ರೆಕಾರ್ಡ್ ತಿರುಗುವಾಗ ಮಾತ್ರ. ಯಕ್ಷಗಾನ ಪದಗಳ ಅದೊಂದೇ ರೆಕಾರ್ಡ್. ಅದು ನಿಂತರೆ ತುಟಿ ಮುಚ್ಚುತ್ತದೆ. ಡಾಕ್ಟರು ಹೇಳಿಯಾಗಿದೆ — ಬಾಯಿಂದ ಹೋಗದಿದ್ದರೆ ಮತ್ತೆ ಮೂಗಿಗೆ ನಳಿಗೆ. ಕಳೆದ ಸಲ ಆಸ್ಪತ್ರೆಯಲ್ಲಿ ಎಡಗೈಯಿಂದ ಕಿತ್ತುಕೊಂಡಿದ್ದರು. ಮುಖವೆಲ್ಲ ರಕ್ತ. ಆಮೇಲೆ ಆ ಕೈಯನ್ನೂ ಮಂಚಕ್ಕೆ ಕಟ್ಟಿದರು. ಇನ್ನೊಮ್ಮೆ ಅದನ್ನು ನೋಡಲಾರೆ.

ಆದರೆ ರೆಕಾರ್ಡ್ ಪ್ಲೇಯರ್ ಸಾಯುತ್ತಿದೆ. ಸ್ಪೀಕರಿನಲ್ಲಿ ಪದಕ್ಕಿಂತ ಗುರ್‌ಗುರ್ ಹೆಚ್ಚು. ಇವತ್ತು ನಡುವೆಯೇ ರೆಕಾರ್ಡಿನ ಕೆಳಗಿನ ತಟ್ಟೆ ನಿಂತಿತು. ಬೆರಳಿಂದ ನೂಕಿದೆ.

ಮೇಜು ಬೇರೆ ಓಲುತ್ತಿತ್ತು. ಹಂಚದೆ ಉಳಿದ ಯೂನಿಯನ್ ಕರಪತ್ರಗಳನ್ನು ಮಡಚಿ ಕಾಲಿನ ಕೆಳಗೆ ಕೊಟ್ಟೆ. ‘ಯಂತ್ರದ ಸದ್ದು, ಕಾರ್ಮಿಕನ ಕಿವಿ’. ನಾನೇ ಬರೆದದ್ದು.

“ಕುಶಲಾ, ಅಂತೂ ನಿನ್ನ ಕ್ರಾಂತಿ ಒಂದು ಮೇಜನ್ನಾದರೂ ನಿಲ್ಲಿಸಿತಲ್ಲ ಮಾರಾಯ,” ಅಂದಳು ಅಮ್ಮ.

ಜನವರಿ 14

ತಟ್ಟೆ ಎತ್ತಿ ನೋಡಿದೆ. ಅದರ ನಡುವಿನ ಉಕ್ಕಿನ ಕಡ್ಡಿ ಒಂದು ಪುಟ್ಟ ಹಿತ್ತಾಳೆ ಕೊಳವೆಯೊಳಗೆ ಇಳಿಯುತ್ತದೆ — ಬುಶ್. ಬುಶ್ ಒಂದೇ ಬದಿಗೆ ಸವೆದಿದೆ. ಬುಡದಲ್ಲಿ ಕಡಲೆಗಿಂತ ಚಿಕ್ಕ ಉಕ್ಕಿನ ಗುಂಡು. ಇಡೀ ಭಾರ ಅದರ ಮೇಲೆ. ತಲೆ ಚಪ್ಪಟೆಯಾಗಿದೆ. ಎಣ್ಣೆ ಒಣಗಿ ಕಪ್ಪು ಅಂಟು.

ಅಪ್ಪ ದುಡಿಯುತ್ತಿದ್ದ ಕೋಪರಿಯ ಹೋಟೆಲಿನದು ಇದು. ಕ್ಯಾಸೆಟ್ ಬಂದ ಮೇಲೆ ಧಣಿಗಳು ಎಸೆದರು, ಅಪ್ಪ ಲೋಕಲ್ ಟ್ರೇನಿನಲ್ಲಿ ಹೊತ್ತು ಡೊಂಬಿವಲಿಗೆ ತಂದರು. ದುಡಿಸಿದರು, ಒಂದು ಹನಿ ಎಣ್ಣೆ ಬಿಡಲಿಲ್ಲ, ಎಸೆದರು. ಅಪ್ಪನನ್ನೂ ಹಾಗೆಯೇ. ಮೂವತ್ತು ವರ್ಷ ಹಿಂದಿನ ಕೋಣೆಯಲ್ಲಿ, ದೋಸೆ ಹಿಟ್ಟಿನ ಗ್ರೈಂಡರ್ ಪಕ್ಕ.

ಎಸೆಯುವುದು ಅವರ ನೀತಿ. ರಿಪೇರಿ ನಮ್ಮದು. ಅಪ್ಪನಿಗೆ ಪದ ಶುದ್ಧವಾಗಿ ಕೇಳಿಸಬೇಕು. ಅಷ್ಟೂ ಆಗದಿದ್ದರೆ ನನ್ನದು ಎಂಥ ಹೋರಾಟ?

ಜನವರಿ 17, ಶನಿವಾರ

ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಶಂಕರೆಪ್ಪಣ್ಣನ ಲೇಥ್ ಶಾಪ್.

“ಏನ್ ಕಾಮ್ರೇಡ, ಇವತ್ತ ಗೇಟ್ ಮೀಟಿಂಗ್ ಇಲ್ಲೇನು?”

ಯಂತ್ರ ತೋರಿಸಿದೆ.

“ಇದರ ಬದಲಿ ಒಂದ ಸೀಡಿ ಪ್ಲೇಯರ್ ತಗೋಳೋ ಹುಚ್ಚಪ್ಪಾ.”

“ಸವೆದ ಮನುಷ್ಯರನ್ನೂ ಹೀಗೇ ಬದಲಾಯಿಸ್ತೀರಾ?”

“ನನ್ನ ಮುಂದ ಭಾಷಣ ಬ್ಯಾಡ. ಆ ಸ್ಪ್ಯಾನರ್ ಕೊಡು.”

ಹಳೆ ಬುಶ್ ಹೊರಗೆ ಬರಲೇ ಇಲ್ಲ. ಸೀಳಿ ತೆಗೆದರು. ಚೂರುಗಳು ಗುಜರಿಗೆ ಹೋಗುವ ಭಂಗಾರ್ ಡಬ್ಬಿಗೆ, ಹಳೆ ಗುಂಡೂ. ಹೊಸದು ಕಡೆದು ಕೂರಿಸಿ, ಹೊಸ ಗುಂಡು ಹಾಕಿ, ತೆಳು ಎಣ್ಣೆ ಬಿಟ್ಟರು.

“ಇನ್ನ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಓಡತೈತಿ. ನಿಮ್ಮಪ್ಪ ದೇಜಪ್ಪಣ್ಣಗ ಕೇಳೀನಂತ ಹೇಳು.”

ಜನವರಿ 18

ಬೆಳಿಗ್ಗೆ ತಟ್ಟೆಯನ್ನು ಕೈಯಿಂದ ತಿರುಗಿಸಿ ಬಿಟ್ಟೆ. ತಿರುಗುತ್ತಲೇ ಇತ್ತು... ಸದ್ದೇ ಇಲ್ಲ. ರೆಕಾರ್ಡ್ ಹಾಕಿದೆ. ಚೆಂಡೆಯ ಪೆಟ್ಟು ಒಂದೊಂದೂ ಬೇರೆ ಬೇರೆ. ಭಾಗವತರು ಉಸಿರೆಳೆದದ್ದು ಕೂಡ ಕೇಳುತ್ತದೆ. ಕಣ್ಣು ತುಂಬಿತು.

ಅಪ್ಪ ಬಾಯಿ ತೆರೆಯಲಿಲ್ಲ. ಹಸಿವಿಲ್ಲವೇನೋ.

ಜನವರಿ 19

ಇವತ್ತೂ ಇಲ್ಲ. ಚಮಚ ತಾಗಿದರೆ ಮುಖ ಗೋಡೆಯ ಕಡೆಗೆ. ಸೌಂಡ್ ಹೆಚ್ಚಿಸಿದೆ. ಪಕ್ಕದ ಮನೆಯ ಸೋನಾಲಿ ಬಾಗಿಲು ಬಡಿದಳು — “ಅಂಕಲ್ ಕೋ ಖಿಲಾ ರಹೇ ಹೋ ಯಾ ಪೂರೀ ಬಿಲ್ಡಿಂಗ್ ಕೋ ನಚಾ ರಹೇ ಹೋ?”

ಉಣಿಸುವುದು ಅಪ್ಪನಿಗೋ, ಕುಣಿಸುವುದು ಇಡೀ ಬಿಲ್ಡಿಂಗನ್ನೋ ಅಂತ. ಕಡಿಮೆ ಮಾಡಿದೆ. ಹೆಚ್ಚಿಸಿದರೂ ಅಷ್ಟೇ, ಇಳಿಸಿದರೂ ಅಷ್ಟೇ.

ಜನವರಿ 20

ನೀರು ಮಾತ್ರ. ಬಟ್ಟೆ ಅದ್ದಿ ತುಟಿಗೆ ಒತ್ತುತ್ತೇವೆ.

ಜನವರಿ 21, ಮಧ್ಯಾಹ್ನ

ಡಾಕ್ಟರು ಬಂದು ಹೋದರು. ಶನಿವಾರದವರೆಗೆ ಕಾಯುತ್ತಾರಂತೆ. ಆಮೇಲೆ ಅಡ್ಮಿಟ್, ನಳಿಗೆ.

ಅಮ್ಮನ ಮೇಲೆ ಕೂಗಿಬಿಟ್ಟೆ. “ಪದ ಇಷ್ಟು ಚೆಂದ ಕೇಳುತ್ತಿದೆ! ಇನ್ನೂ ಏನು ಬೇಕು ಇವರಿಗೆ?”

“ಯಾರಿಗೆ ಕೇಳ್ತದೆ? ನಿನಗೆ. ಮದುವೆ ಆದಂದಿನಿಂದ ಬೊಬ್ಬೆ ಹಾಕ್ತಾ ಇದ್ದೇನೆ ನಾನು. ನನ್ನ ಬೊಬ್ಬೆ ಕೇಳದ ಕಿವಿಗೆ ಭಾಗವತರ ಪದ ಕೇಳ್ತದಾ?”

ತಮಾಷೆಗೇ ಅಂದದ್ದು. ಅನ್ನುತ್ತಲೇ ಅವಳ ಮುಖ ಬದಲಾಯಿತು. ಅಪ್ಪನ ಎಡಗೈ ನೋಡಿದಳು. ನಾನೂ ನೋಡಿದೆ. ಮೊದಲು ಉಣ್ಣುವಾಗೆಲ್ಲ ಅದು ಮೇಜಿನ ಮೇಲೆ, ಸ್ಪೀಕರಿನ ಪಕ್ಕದಲ್ಲಿರುತ್ತಿತ್ತು. ಅಂಗೈ ಮರಕ್ಕೆ ಅಂಟಿಸಿ. ಈಗ ಎದೆಯ ಮೇಲಿದೆ.

“ಗ್ರೈಂಡರ್,” ಅಂದಳು. “ಒಮ್ಮೆ ಹೋಟೆಲಿಗೆ ಹೋಗಿದ್ದೆ ಮಗಾ. ಹೀಗೇ ಗ್ರೈಂಡರಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದರಲ್ಲಿ ಊಟ ಮಾಡ್ತಿದ್ದರು.”

“ನಿಲ್ಲಿಸಿ ಉಣ್ಣಬಾರದಿತ್ತಾ?”

“ನಿಲ್ಲಿಸಲಿಕ್ಕೆ ಧಣಿಗಳು ಬಿಡಬೇಕಲ್ಲ.”

ಗ್ರೈಂಡರ್ ಆ ಕಿವಿಗಳನ್ನು ಎಂದೋ ತಿಂದಿತ್ತು. ಅಪ್ಪ ಪದ ಕೇಳಿದ್ದೇ ಇಲ್ಲ. ಅವರಿಗೆ ತಲುಪುತ್ತಿದ್ದದ್ದು ಸವೆದ ಬುಶ್‌ನ ನಡುಕ ಒಂದೇ. ಅದನ್ನೇ ನಾನು ಸೀಳಿ ತೆಗೆಸಿ ಬಂದೆ.

‘ಕಾರ್ಮಿಕನ ಕಿವಿ’ಯ ಆ ಕರಪತ್ರವನ್ನು ಎಂಐಡಿಸಿಯ ಗೇಟು ಗೇಟಿಗೂ ಹಂಚಿದ್ದೇನೆ. ಮನೆಯಲ್ಲಿ —

ಜನವರಿ 22

ಹಳೆ ಗುಂಡಾದರೂ ಸಿಕ್ಕೀತೆಂದು ಶಂಕರೆಪ್ಪಣ್ಣನ ಶಾಪಿಗೆ ಹೋದೆ. ಭಂಗಾರ್ ಡಬ್ಬಿ ಖಾಲಿ. ಮೊನ್ನೆಯೇ ಕೊಂಡು ಹೋದರಂತೆ.

ಕೋಪರಿಗೆ ಓಡಿದೆ. ಅಪ್ಪನನ್ನು ಆ ಗ್ರೈಂಡರ್ ಪಕ್ಕ ಕೂರಿಸೋಣವೆಂದು. ಅದನ್ನು ಮಾರಿ ಎಷ್ಟೋ ಕಾಲವಾಗಿದೆ. ಹಿಟ್ಟು ಈಗ ಪ್ಯಾಕೆಟ್‌ನಲ್ಲಿ ಬರುತ್ತದೆ. ಗಲ್ಲಾಪೆಟ್ಟಿಗೆಯ ಹುಡುಗನಿಗೆ ಅಪ್ಪನ ಹೆಸರೂ ಗೊತ್ತಿಲ್ಲ.

ಸೋನಾಲಿ ತಾನಾಗಿಯೇ ತನ್ನ ಪುಟ್ಟ ಗ್ರೈಂಡರ್ ತಂದಿಟ್ಟಳು. ಸುಂಯ್ ಎಂದಿತು. ಅಪ್ಪನ ಕೈ ಅಲುಗಲಿಲ್ಲ.

ಬುಶ್‌ನ ಎಣ್ಣೆ ಒರೆಸಿದೆ. ಒಣಗಿಸಿ ಓಡಿಸಿದೆ. ಆದರೂ ಮೌನ. ಎಷ್ಟು ಒಳ್ಳೆಯ ಕೆಲಸ ಮಾಡಿದ್ದಾರೆ ಶಂಕರೆಪ್ಪಣ್ಣ! ಎತ್ತಿ ನೆಲಕ್ಕೆ ಒಗೆಯಬೇಕೆನ್ನಿಸಿತು.

ಅಪ್ಪನ ಕಣ್ಣು ಗುಳಿಬಿದ್ದಿದೆ.

ಜನವರಿ 23

“ಎಮೆರಿ ಪುಡಿ ಬೇಕು ಶಂಕರೆಪ್ಪಣ್ಣ.”

“ಏನ್ ತಿಕ್ಕಾಕ?”

“ಬುಶ್‌ನೊಳಗೆ ಹಾಕಲಿಕ್ಕೆ.”

“ತಲಿ ಕೆಟ್ಟೇತೇನು? ನನ್ನ ಕೈಯಾಗಿನ ಕೆಲಸ ಅದು. ಎಮೆರಿ ಬಿತ್ತಂದ್ರ ಉಕ್ಕನ್ನ ತಿಂತೈತಿ.”

ಹೇಳಿದೆ. ಗ್ರೈಂಡರ್, ಕೈ, ನಳಿಗೆ, ಎಲ್ಲ. ಲೇಥ್ ಆಫ್ ಮಾಡಿ ಕೇಳಿದರು. ಒಳಗೆ ಹೋಗಿ ಪೊಟ್ಟಣ ಕಟ್ಟಿ ತಂದರು.

“ಒಮ್ಮೆ ಹಾಕಿದ್ರ ತಗಿಯಾಕ ಬರೂದಿಲ್ಲ ತಮ್ಮಾ. ಬುಶ್ ತಿಂದು, ಕಡ್ಡಿ ತಿಂದು, ಕಡೀಕ ಗಚ್ಚಂತ ನಿಂತ ಬಿಡತೈತಿ.”

“ಎಷ್ಟು ದಿನಕ್ಕೆ?”

“ಅದನ್ನ ನಾ ಹೆಂಗ ಹೇಳ್ಲಿ? ಓಡೂತನಕ ಹೊಟ್ಟಿ ತುಂಬ ಉಣ್ಣಸು.”

ಜನವರಿ 24, ಶನಿವಾರ, ಮಧ್ಯಾಹ್ನ

ಲೋಡ್ ಶೆಡ್ಡಿಂಗ್ ಮುಗಿಯಿತು. ಡಾಕ್ಟರಿಗೆ ಇನ್ನೂ ಫೋನ್ ಮಾಡಿಲ್ಲ. ಅಮ್ಮ ಗಂಜಿ ಹಿಡಿದು ಕೂತಿದ್ದಾಳೆ.

ಮೇಜಿನ ಕಾಲಿನ ಕೆಳಗಿದ್ದ ಕರಪತ್ರಗಳನ್ನು ಎಳೆದು ತೆಗೆದೆ. ಅಲುಗಾಡಲಿ. ತಟ್ಟೆ ಎತ್ತಿ ಎರಡು ಚಿಟಿಕೆ ಎಮೆರಿ ಬುಶ್‌ಗೆ ಸುರಿದೆ. ಜೀವಮಾನದಲ್ಲಿ ಒಂದು ಯಂತ್ರವನ್ನೂ ಬೇಕೆಂದು ಕೆಡಿಸಿದವನಲ್ಲ.

ಹಾಕಿದೆ. ರೆಕಾರ್ಡ್ ತಿರುಗಿತು. ಮೊದಲು ಹಲ್ಲು ಕಡಿಯುವ ಕರಕರ. ಆಮೇಲೆ ಸದ್ದು ಕೆಳಗಿಳಿಯಿತು. ಗುರ್... ಭಾಗವತರು ಅದರೊಳಗೆ ಮುಳುಗಿದರು. ಮೇಜಿಗೆ ತಾಗಿದ ಮೊಣಕಾಲ ಮೇಲಿನ ಈ ಡೈರಿಯೂ ನಡುಗುತ್ತಿದೆ.

ಅಪ್ಪನ ಕೈ ಎದೆಯಿಂದ ಜಾರಿತು. ಮೇಜಿನ ಅಂಚು ತಡವುತ್ತಿದೆ. ಸಿಕ್ಕಿತು. ಅಂಗೈ ಊರಿದರು.

ಬಾಯಿ ತೆರೆದರು.

ಒಂದು ಚಮಚ. ನುಂಗಿದರು. ಅಮ್ಮ ಅಳುತ್ತಾ ಇನ್ನೊಂದು ತುಂಬಿದಳು. ಅದೂ ಹೋಯಿತು.

ತಟ್ಟೆ ಆಗಲೇ ತಡವರಿಸುತ್ತಿದೆ. ಇಷ್ಟು ಬೇಗವಾ? ಎಡಬೆರಳಿಂದ ನೂಕುತ್ತಿದ್ದೇನೆ, ಬಲಗೈಯಲ್ಲಿ ಬರೆಯುತ್ತಿದ್ದೇನೆ. ಮತ್ತೊಂದು ಚಮಚ. “ನಿಲ್ಲಿಸಬೇಡ ಮಗಾ,” ಅನ್ನುತ್ತಿದ್ದಾಳೆ ಅಮ್ಮ. ಬಿಗಿಯಾಗುತ್ತಿದೆ. ಬಟ್ಟಲು ಇನ್ನೂ ಅರ್ಧ. ಒಂದು ಕೈ ಸಾಲದು, ಎರಡೂ