‘ತಾಯ್ತನ’ ಚಿತ್ರದ ಹಿಂಬದಿ

ಎರಡು ಸಾವಿರದ ನೂರ ಐವತ್ತೆಂಟನೇ ಇಸವಿ, ಫೆಬ್ರವರಿ ಮೂವತ್ತು
ಮಧ್ಯಾಹ್ನ ಎರಡೂ ಹತ್ತು

ಶ್ರೀಮತಿ ಮಂದಾಕಿನಿ ಬೆಳವಡಿ ಅವರಿಗೆ,
ಸಹಾಯಕ ಕ್ಯುರೇಟರ್, ಚಿತ್ರಶಾಲೆ, ಕಲ್ಗುಡ್ಡ ವಿಶ್ವವಿದ್ಯಾಲಯ

ಮೇಡಂ,

ಕೆಳಗಿನ ಹಜಾರದಲ್ಲಿ ಯಾರೋ ಮರದ ಚೌಕಟ್ಟನ್ನು ನೆಲದ ಮೇಲೆ ಎಳೆದ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಅನ್ನುವುದೂ ತಪ್ಪೇ, ನಿದ್ದೆ ಬಂದಿದ್ದರೆ ತಾನೆ. ಪಕ್ಕದಲ್ಲಿ ಮಗಳು ಸಾವಂತ್ರಿ ಬಾಯಿ ತೆರೆದು ಮಲಗಿದ್ದಾಳೆ. ಅವಳ ಉಸಿರು ಎಣಿಸುತ್ತಾ ಬಿದ್ದಿರುವುದು ನನಗೆ ಅಭ್ಯಾಸವಾಗಿಹೋಗಿದೆ.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಉಳಿದ ಐದನ್ನು ವರ್ಷದ ಕೊನೆಗೆ ತಳ್ಳಿದ್ದಾರೆ. ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಕಾಲೇಜಿನಲ್ಲಿ, ಹಳೆಯ ಪಠ್ಯವಾಗಿ. ಈ ಹಾಳೆ ನೀವು ಕೇಳದೆಯೇ ನಿಮ್ಮ ಮೇಜಿನ ಪ್ರಿಂಟರಿನಿಂದ ಹೊರಬಂದಿರುತ್ತದೆ. ಇದನ್ನು ಹಿಂದೋಲೆ ಅನ್ನುತ್ತಾರೆ. ಒಬ್ಬರು ಬದುಕಿನಲ್ಲಿ ಒಂದೇ ಸಲ, ಹಿಂದಿನ ಕಾಲದ ಒಬ್ಬರಿಗೆ ಮಾತ್ರ ಬರೆಯಬಹುದು. ಅವರು ನಮ್ಮ ರಕ್ತಸಂಬಂಧಿಯಾಗಿರಕೂಡದು. ಸಾವಿನ ಸುದ್ದಿ ಹೇಳಕೂಡದು. ಏನನ್ನು ತಿಳಿದುಕೊಳ್ಳಿ ಎಂದು ಬೇಡುತ್ತೇವೋ ಅದನ್ನು ನಾವೇ ಓಲೆಯಲ್ಲಿ ಬರೆದುಬಿಟ್ಟರೆ ಹಿಂದೋಲೆ ಕಚೇರಿಯವರು ಅಳಿಸಿಹಾಕುತ್ತಾರೆ. ಹಾಗಾಗಿ ಒಂದು ಹೆಸರು ನನ್ನ ನಾಲಿಗೆಯ ತುದಿಯಲ್ಲಿದ್ದೂ ನಾನಿಲ್ಲಿ ಬರೆಯುತ್ತಿಲ್ಲ. ಅವರನ್ನು ದೊಡ್ಡವ್ವ ಅನ್ನುತ್ತೇನೆ. ನಮ್ಮ ಮನೆತನದಲ್ಲಿ ಅವರು ಮೊದಲನೆಯ ತಲೆ, ಸಾವಂತ್ರಿ ಏಳನೆಯದು.

ನಾನಿರುವುದು ನಿಮ್ಮ ಚಿತ್ರಶಾಲೆಯಲ್ಲೇ. ನೀವು ಸೆರಾಮಿಕ್ ಪಾತ್ರೆಗಳನ್ನು ಗಾಜಿನೊಳಗೆ ಇಟ್ಟಿದ್ದ ಮಹಡಿಯಲ್ಲಿ ಈಗ ಹದಿನಾಲ್ಕು ಸಂಸಾರಗಳು ಚಾಪೆ ಹಾಸಿಕೊಂಡಿವೆ. ಬಿಸಿಲಿಗೆ ಹೊರಗೆ ಕಾಲಿಡುವಂತಿಲ್ಲವಾದ್ದರಿಂದ ಹಗಲು ಮಲಗುತ್ತೇವೆ, ಕತ್ತಲಾದ ಮೇಲೆ ಎದ್ದು ಕೆಲಸಕ್ಕೆ ಹೋಗುತ್ತೇವೆ. ಈ ಸೀಮೆಯಲ್ಲಿ ದಪ್ಪ ಗೋಡೆ, ದೊಡ್ಡ ಮರ, ಬತ್ತದ ಬಾವಿ ಮೂರೂ ಉಳಿದಿರುವುದು ಈ ಕ್ಯಾಂಪಸ್ಸಿನಲ್ಲಿ ಮಾತ್ರ. ಇದಕ್ಕೆ ನೆರಳೂರು ಎಂದು ಹೆಸರು. ಬೇಲಿಯಾಚೆಗಿನದು ಬಯಲು. ನನ್ನ ಗಂಡ ಬಯಲಿನಲ್ಲಿ ಕಾಲುವೆ ಕೆಲಸದಲ್ಲಿದ್ದಾನೆ, ತಿಂಗಳಿಗೊಮ್ಮೆ ಬೇಲಿಯ ಹತ್ತಿರ ಬಂದು ಮಗಳ ಕೈ ಮುಟ್ಟಿ ಹೋಗುತ್ತಾನೆ. ಬೇಲಿಯೊಳಗಿರಲು ನನಗೆ ಕೆಲಸದ ಚೀಟಿ ಇದೆ. ಮಕ್ಕಳಿಗೆ ಮೂರು ತುಂಬುವವರೆಗೆ ಚೀಟಿ ಬೇಡ. ಸಾವಂತ್ರಿಗೆ ನಾಳೆ ಮೂರು ತುಂಬುತ್ತದೆ.

ನೆರಳೂರಿನಲ್ಲಿ ಹಕ್ಕು ಬೇಕೆಂದರೆ, ನಮ್ಮ ಹಿರಿಯರು ಹಳೆಯ ಕಾಲದಲ್ಲಿ ಈ ಕ್ಯಾಂಪಸ್ಸಿನಲ್ಲಿ ದುಡಿದವರು ಎಂದು ತೋರಿಸಬೇಕು. ಫೋಟೊ ನಡೆಯುವುದಿಲ್ಲ. ಯಂತ್ರಗಳು ಬೇಕಾದವರ ಮುಖ, ಬೇಕಾದವರ ದನಿ ಮಾಡಿಕೊಡುವ ಕಾಲ ಬಂದ ಮೇಲೆ ಫೋಟೊ, ವಿಡಿಯೊ ಯಾವುದನ್ನೂ ನ್ಯಾಯಮಂಟಪ ನಂಬುವುದಿಲ್ಲ. ಕೈಗುರುತು ಬೇಕು. ಅಂದರೆ ಮನುಷ್ಯರ ಕೈ ಬರೆದ ಚಿತ್ರ, ಅದರಲ್ಲಿರುವವರ ಹೆಸರು ಅದೇ ಕಾಲದ ಕೈಬರಹದಲ್ಲಿ ಇಲ್ಲವೇ ಕೈಕೆತ್ತನೆಯಲ್ಲಿ. ನಿಮ್ಮ ಸಂಗ್ರಹ ಈಗ ನಮ್ಮ ನ್ಯಾಯದ ಪುಸ್ತಕ, ಮೇಡಂ. ನೀವಿದನ್ನು ಯಾವತ್ತೂ ಅಂದುಕೊಂಡಿರಲಿಕ್ಕಿಲ್ಲ.

ನಿಮ್ಮ ಹನ್ನೊಂದು ಕುಲಪತಿಗಳ ತೈಲಚಿತ್ರಗಳು ನೆನಪಿವೆಯಲ್ಲ? ಒಂದೇ ಕುರ್ಚಿ, ಒಂದೇ ಗೌನು, ಹಿಂದೆ ಅದೇ ಕೆಂಪು ಪರದೆ. ಹಿತ್ತಾಳೆ ಪಟ್ಟಿ ಕಿತ್ತರೆ ಅವರ ಹೆಂಡಂದಿರಿಗೂ ಗುರುತು ಸಿಗುವಂತಿಲ್ಲ. ಆದರೆ ಪಟ್ಟಿ ಇದೆ. ಹೆಸರು, ಪದವಿ, ಇಸವಿಯಿಂದ ಇಸವಿಯವರೆಗೆ. ಅವರ ವಂಶದವರಿಗೆ ಪೂರ್ವದ ವಿಂಗು ಪೂರ್ತಿ ಸಿಕ್ಕಿದೆ, ಬಾವಿಯೂ ಆ ಕಡೆಗೇ ಇದೆ. ನಮ್ಮ ದೊಡ್ಡವ್ವನ ಚಿತ್ರಗಳು ಅರವತ್ತಮೂರು ಇವೆ. ಇಪ್ಪತ್ತು ವರ್ಷ ನಿಮ್ಮ ಚಿತ್ರಕಲಾ ವಿಭಾಗದ ಎತ್ತರದ ಸ್ಟೂಲಿನ ಮೇಲೆ ಅಲುಗಾಡದೆ ಕೂತವರು ಅವರು. ನಿಮ್ಮ ರಿಜಿಸ್ಟರಿನಲ್ಲಿ ಅವರು ‘ಮಹಿಳೆ, ಕುಳಿತಿರುವುದು’. ‘ಮಹಿಳೆ, ಕೊಡದೊಂದಿಗೆ’. ‘ಹಳ್ಳಿಯ ಹೆಣ್ಣು’, ಅವರು ಹುಟ್ಟಿದ್ದು ಕ್ಯಾಂಪಸ್ಸಿನ ಹಿಂದಿನ ಓಣಿಯಲ್ಲಾದರೂ. ಒಂದು ಚಿತ್ರಕ್ಕೆ ‘ದುಃಖ’ ಅಂತ ಹೆಸರು. ಆವತ್ತು ಅವರಿಗೆ ಹಲ್ಲುನೋವಿತ್ತಂತೆ.

ನಾನು ಆ ರಿಜಿಸ್ಟರನ್ನು ಬಾಯಿಪಾಠವಾಗುವಷ್ಟು ಓದಿದ್ದೇನೆ. ನಿಮ್ಮ ಅಕ್ಷರ ಮುತ್ತಿನಂತಿದೆ. ಕಲಾವಿದರ ಹೆಸರು, ಮಾಧ್ಯಮ, ಉದ್ದ, ಅಗಲ, ಚೌಕಟ್ಟಿನ ಸ್ಥಿತಿ. ಗೆದ್ದಲು ಹಿಡಿದಿದೆಯೇ ಇಲ್ಲವೇ ಎಂದು ಬರೆಯಲು ಒಂದು ಕಾಲಂ ಇದೆ. ಕೂತವರ ಹೆಸರಿಗೆ ಕಾಲಂ ಇಲ್ಲ. ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಸಂಪ್ರದಾಯವೇ ಹಾಗಿತ್ತು ಎಂದು ಗೊತ್ತು. ಮಾಡೆಲ್ಲಿನ ಹೆಸರು ಕೇಳಿದರೆ ಅದು ಅಭ್ಯಾಸಚಿತ್ರವಾಗುವುದಿಲ್ಲ, ಭಾವಚಿತ್ರವಾಗುತ್ತದೆ ಎಂದು ನಿಮ್ಮ ಮೇಷ್ಟ್ರುಗಳು ಪಾಠ ಮಾಡುತ್ತಿದ್ದರಂತೆ. ಆದರೂ ಕೇಳುತ್ತೇನೆ. ದಿನವೂ ಬೆಳಿಗ್ಗೆ ನಿಮ್ಮ ಬಾಗಿಲ ಮುಂದೆ ಹಾದುಹೋಗುತ್ತಾ ‘ನಮಸ್ಕಾರ್ರೀ ಮೇಡಂ’ ಅನ್ನುತ್ತಿದ್ದ ಹೆಂಗಸಿಗೆ, ಇಷ್ಟು ವರ್ಷದಲ್ಲಿ ಒಂದು ದಿನವಾದರೂ ‘ನಿಮ್ಮ ಹೆಸರೇನಮ್ಮಾ’ ಎಂದು ಕೇಳಬೇಕು ಅನ್ನಿಸಲಿಲ್ಲವೇ?

ಅರವತ್ತಮೂರರಲ್ಲಿ ಒಂದು ನಮಗೆ ಬೇಕಾದದ್ದು, ‘ತಾಯ್ತನ’. ಚಿನ್ನದ ಪದಕ ಬಂದ ಚಿತ್ರ. ಅದರಲ್ಲಿ ಅವರ ಮಡಿಲಲ್ಲಿರುವ ಐದು ತಿಂಗಳ ಕೂಸು ಅವರದೇ ಮಗಳು, ನಮ್ಮ ಎರಡನೆಯ ತಲೆ. ಆ ಕೂಸಿನಿಂದ ಈಚೆಗೆ ನಮ್ಮ ಬಳಿ ಎಲ್ಲ ಕಾಗದವೂ ಇದೆ. ಶಾಲೆಯ ದಾಖಲೆ, ಒತ್ತುಮುದ್ರೆ ಬಿದ್ದದ್ದು, ಅದರಲ್ಲಿ ತಾಯಿಯ ಹೆಸರಿದೆ. ಆ ಹೆಸರಿನವರೇ ಈ ಚಿತ್ರದಲ್ಲಿರುವವರು ಎನ್ನುವುದಕ್ಕೆ ಮಾತ್ರ ಏನೂ ಇಲ್ಲ. ಆ ಚಿತ್ರ ಬರೆದ ದಿನದ ಕಥೆಯನ್ನು ನಮ್ಮ ಮನೆಯ ಹೆಂಗಸರು ಬಾಣಂತಿ ಕೋಣೆಯಲ್ಲಿ ಒಬ್ಬರಿಗೊಬ್ಬರು ಹೇಳುತ್ತಾ ಬಂದಿದ್ದಾರೆ. ಕೂಸು ಹಸಿದು ಚೀರುತ್ತಿತ್ತಂತೆ. ಚಿತ್ರ ಬರೆಯುತ್ತಿದ್ದ ಹುಡುಗ ಕುಂಚ ಎತ್ತಿ, ‘ಹಾಲ್ ಕುಡಸಬ್ಯಾಡ್ರಿ, ಪೋಸ್ ಕೆಡ್ತದ’ ಅಂದನಂತೆ. ‘ಪೋಸ್ ಕೆಟ್ರ ನಾಳಿಗೆ ಬರೀತಿ. ಕೂಸು ನಾಳಿ ತನಕ ಹಸಕೊಂಡ್ ಇರ್ತದೇನೋ ಶ್ಯಾಣ್ಯಾ?’ ಎಂದು ದೊಡ್ಡವ್ವ ಗೋಡೆ ಕಡೆ ತಿರುಗಿ ಹಾಲು ಕುಡಿಸಿ, ಮತ್ತೆ ಈ ಕಡೆ ತಿರುಗಿ ಕೂತರಂತೆ. ಆ ಚಿತ್ರದ ಕಣ್ಣುಗಳ ಬಗ್ಗೆ ನಿಮ್ಮ ಪುಸ್ತಿಕೆಯಲ್ಲಿ ‘ಅನಂತವನ್ನು ದಿಟ್ಟಿಸುವ ಮಾತೃನೋಟ’ ಎಂದು ಅಚ್ಚಾಗಿದೆ. ಅವರು ದಿಟ್ಟಿಸುತ್ತಿದ್ದದ್ದು ಎದುರಿನ ಗಡಿಯಾರವನ್ನು. ಎಂಟು ದಿನಕ್ಕೊಮ್ಮೆ ಓಣಿಗೆ ನಳದ ನೀರು ಬಿಡುತ್ತಿದ್ದರು, ಆವತ್ತು ನೀರು ಬರುವ ದಿನವಾಗಿತ್ತು.

ಪ್ರದರ್ಶನ ಶುರುವಾದಾಗ ಅವರು ಕೂಸನ್ನು ಕಟ್ಟಿಕೊಂಡು ನೋಡಲು ಬಂದರು. ಬಾಗಿಲಲ್ಲಿದ್ದ ಕಾವಲಿನವನು, ‘ಇವತ್ತ ದೊಡ್ಡ ಮಂದಿ ಬರೋರದಾರ, ನಾಳಿ ಬಾ ಹೋಗ’ ಅಂದ. ‘ಒಳಗ ಗ್ವಾಡಿ ಮ್ಯಾಗ ನಾನಽ ಕುಂತೀನಿ, ಹೊರಗ ಯಾಕ ನಿಂದ್ರಸ್ತೀಯೋ ತಮ್ಮಾ?’ ಎಂದರು ದೊಡ್ಡವ್ವ. ಸುತ್ತ ನಿಂತಿದ್ದವರೆಲ್ಲ ನಕ್ಕರಂತೆ. ಅವನೂ ನಕ್ಕ. ಒಳಗೆ ಮಾತ್ರ ಬಿಡಲಿಲ್ಲ. ನಮ್ಮಮ್ಮ ಈ ಕಥೆ ಹೇಳುವಾಗ ಪ್ರತಿ ಸಲವೂ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಸಾವಂತ್ರಿ ಹುಟ್ಟಿದ ಮೇಲೆ ನಗು ಬರುವುದು ನಿಂತಿದೆ.

ಈಗ ನಾನು ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ನನ್ನ ಕೆಲಸ ಚಿತ್ರಗಳ ಬೆನ್ನು ಒರೆಸುವುದು. ಎಲ್ಲರೂ ಮುಂಭಾಗ ನೋಡುತ್ತಾರೆ, ನನಗೆ ಗೊತ್ತಿರುವುದು ಹಿಂಬದಿ. ‘ತಾಯ್ತನ’ದ ಹಿಂಬದಿಯಲ್ಲಿ, ಕ್ಯಾನ್ವಾಸು ಮರಕ್ಕೆ ಮಡಿಚಿದ ಕೆಳಗಿನ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಬರೆದ ಒಂದು ಫೋನ್ ನಂಬರಿದೆ. ದೊಡ್ಡವ್ವನದೇ. ಮಾರನೆಯ ದಿನ ಅವರನ್ನು ಕರೆಸಬೇಕಾಗಿತ್ತಲ್ಲ, ಅದಕ್ಕೆ ಆ ಹುಡುಗ ಬರೆದುಕೊಂಡಿದ್ದ. ಹತ್ತು ಅಂಕಿ ಬರೆದ ಕೈಗೆ ಮುಂದೆ ಮೂರು ಅಕ್ಷರ ಬರೆಯುವುದು ಭಾರವಾಯಿತು. ಹೋದ ವಾರ ನ್ಯಾಯಮಂಟಪದ ಗುಮಾಸ್ತ ಇರಗಪ್ಪನ ಮುಂದೆ ಚಿತ್ರವನ್ನು ಮಗುಚಿ ತೋರಿಸಿದೆ. ಅವನು ಕನ್ನಡಕ ಹಣೆಗೇರಿಸಿ ನೋಡಿ, ‘ನಂಬರ್ ಅದ, ಹೆಸರಿಲ್ಲ. ನಂಬರಿಗೆ ಎಲ್ಲೆರ ಮೊಮ್ಮಕ್ಳು ಇರ್ತಾವೇನವಾ ಕಸ್ತೂರಿ?’ ಎಂದ. ಕೆಟ್ಟ ಮನುಷ್ಯನಲ್ಲ. ಸಾವಂತ್ರಿಯ ಕೈಗೆ ಬೆಲ್ಲದ ಚೂರು ಕೊಟ್ಟು, ವಿಚಾರಣೆಗೆ ನಾಳೆಯ ಸಂಜೆಯನ್ನು ಗೊತ್ತುಮಾಡಿ ಬರೆದುಕೊಂಡ. ಈಗ ಕೆಳಗೆ ಚೌಕಟ್ಟುಗಳನ್ನು ಎಳೆದು ಸಾಲಾಗಿ ನಿಲ್ಲಿಸುತ್ತಿರುವುದು ಅದಕ್ಕೇ.

ಹೆಸರು ಸಿಗದಿದ್ದರೆ ಅವಳನ್ನು ಬಯಲಿಗೆ ಕಳಿಸುತ್ತಾರೆ. ನಾನೂ ಜೊತೆಗೆ ಹೋಗುತ್ತೇನೆ, ತಡೆಯುವವರಿಲ್ಲ. ಆದರೆ ಬಯಲಿಗೆ ಹೋದ ಮಕ್ಕಳಲ್ಲಿ ಎರಡನೆಯ ಬೇಸಿಗೆ ಕಂಡವರು ಕಡಿಮೆ. ಪೂರ್ವದ ವಿಂಗಿನ ಕುಲಪತಿ ಮನೆತನದ ಹೆಂಗಸೊಬ್ಬಳು ನನ್ನನ್ನು ಸಮಾಧಾನ ಮಾಡಲು ಬಂದು, ‘ಏನೇ ಆಗ್ಲಿ, ನಿಮ್ಮ ಅಜ್ಜಿ ಕಲೆಯಲ್ಲಿ ಅಮರಳಾಗ್ಯಾಳಲ್ಲ’ ಅಂದಳು. ಅಮರರಾದವರ ಮೊಮ್ಮಗಳಿಗೆ ಒಂದು ಚಾಪೆ ಹಾಸುವಷ್ಟು ನೆರಳಿಲ್ಲ ಎಂದು ಹೇಳಬೇಕಿತ್ತು. ಹೇಳಿದ್ದರೆ ಬಾವಿಯಿಂದ ಅವಳು ಕೊಡುವ ಒಂದು ಕೊಡ ನೀರೂ ನಿಲ್ಲುತ್ತಿತ್ತು.

ಮೇಡಂ, ಈ ಓಲೆ ಸಂಜೆ ಏಳಕ್ಕೆ ನಿಮಗೆ ತಲುಪುತ್ತದೆ ಎಂದಿದ್ದಾರೆ. ಸಂಗ್ರಹದ ಪಟ್ಟಿ ಮುಗಿಸಲು ನೀವು ಒಬ್ಬರೇ ಕೂತಿರುತ್ತೀರಿ. ಚಿತ್ರ ಪಕ್ಕದ ಕೋಣೆಯಲ್ಲೇ ಇದೆ, ಕೀಲಿ ನಿಮ್ಮ ಬಳಿಯೇ ಇದೆ. ಎದ್ದು ಹೋಗಿ ಚಿತ್ರವನ್ನು ಮಗುಚಿ. ಆ ನಂಬರಿಗೆ ಫೋನ್ ಮಾಡಿ. ಅವರ ಹೆಸರು ಕೇಳಿ. ನಾನು ಹೇಳಿದೆ ಎಂದು ಬರೆದರೆ ನಡೆಯುವುದಿಲ್ಲ, ಅವರ ಬಾಯಿಂದಲೇ ಬರಬೇಕು. ಪೂರ್ತಿ ಹೆಸರು, ಅಡ್ಡಹೆಸರು, ಮಡಿಲಲ್ಲಿದ್ದ ಕೂಸಿನ ಹೆಸರು. ರಿಜಿಸ್ಟರಿನ ಕೊನೆಯಲ್ಲಿ ಷರಾ ಎಂಬ ಕಾಲಂ ಇದೆ, ನೀವದರಲ್ಲಿ ಪ್ರತಿ ಪುಟದಲ್ಲೂ ‘ಇಲ್ಲ’ ಎಂದು ಬರೆಯುತ್ತಾ ಹೋಗಿದ್ದೀರಿ. ಅಲ್ಲಿ ಬರೆಯಿರಿ. ‘ಹೇಳಿದವರು ಸ್ವತಃ ಅವರೇ’ ಎಂದು ಸೇರಿಸಿ, ತಾರೀಖು ಹಾಕಿ, ರುಜು ಮಾಡಿ. ಹತ್ತು ನಿಮಿಷದ ಕೆಲಸ.

ನೀವು ಬರೆದರೆ ನಮ್ಮಲ್ಲಿ ಆ ಹೆಸರು ಮೊದಲಿನಿಂದಲೂ ಇದ್ದಂತೆಯೇ ಇರುತ್ತದೆ. ನಾನು ಈ ಓಲೆ ಬರೆದದ್ದು ನನಗೇ ಮರೆತುಹೋಗುತ್ತದೆ, ಇಂದು ಮಧ್ಯಾಹ್ನ ನಾನು ಸುಮ್ಮನೆ ಮಲಗಿ ನಿದ್ದೆ ಮಾಡಿರುತ್ತೇನೆ. ಆಮೇಲೆ ನಿಮಗೆ ಕೃತಜ್ಞತೆ ಹೇಳಲು ಯಾರೂ ಇರುವುದಿಲ್ಲ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಮೇಲೆ ಏನಾದರೂ ಕಹಿಯಾಗಿ ಬರೆದಿದ್ದರೆ ತಾಯಿಯೊಬ್ಬಳ ಬಾಯಿ ಎಂದು ಬಿಟ್ಟುಬಿಡಿ.

ನಾಳೆ ಕಚೇರಿಗೆ ಬಂದ ಮೇಲೆ ನೋಡಿದರಾಯಿತು ಎಂದು ಮಾತ್ರ ಅಂದುಕೊಳ್ಳಬೇಡಿ. ನಾಳೆ ಬೆಳಿಗ್ಗೆಯಿಂದ ಆ ನಂಬರಿಗೆ ಬೇರೆಯವರು ಉತ್ತರ ಕೊಡುತ್ತಾರೆ, ಅಳುತ್ತಿರುತ್ತಾರೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಅನುಮತಿ ಇಲ್ಲ, ಇಷ್ಟನ್ನೂ ಅಳಿಸದೆ ಬಿಡುತ್ತಾರೋ ಇಲ್ಲವೋ. ಅವರಿಗೆ ಕಿವಿ ಸ್ವಲ್ಪ ಮಂದ. ಮೊದಲ ಸಲ ಎತ್ತದಿದ್ದರೆ ಇನ್ನೊಂದು ಸಲ ಮಾಡಿ, ಮತ್ತೊಂದು ಸಲ ಮಾಡಿ, ಗಟ್ಟಿಯಾಗಿ ಮಾತಾಡಿ. ಹೊತ್ತಾಯಿತು, ಮಲಗಿರಬಹುದು ಎಂದು ಸಂಕೋಚಪಡಬೇಡಿ. ದಮ್ಮಯ್ಯ ಅನ್ನುತ್ತೇನೆ ಮೇಡಂ, ಈ ಹಾಳೆ ಕೆಳಗಿಟ್ಟು ಏಳಿ. ಬೆಳಗಾಗುವುದರೊಳಗೆ ಫೋನ್ ಮಾಡಿ.